ಮರೆಯುವವನ ರೀಲು

ಆದಿತ್ಯವಾರ ಬೆಳಿಗ್ಗೆ ಆರೂವರೆಗೆ ಫೋನ್ ಬಂದರೆ ನಮ್ಮ ಮನೆಯಲ್ಲಿ ಮೊದಲು ಹೆದರಿಕೆ, ಆಮೇಲೆ ಹಲೋ. ಅವತ್ತು ಮಾಡಿದ್ದು ಭಾವ, ನನ್ನ ಸೋದರಮಾವನ ಮಗ. ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾ ಎಂಬ ಊರಿನಲ್ಲಿ ಅವನಿಗೆ ಕೆಲಸ. ಅಲ್ಲಿ ಇನ್ನೂ ಶನಿವಾರ ರಾತ್ರಿ ಎಂಟು ಗಂಟೆ.

"ಭಾವ, ಬಾಣ ಹೋಯ್ತು ಮಾರಾಯ," ಅಂದ.

"ಎಂತ ಬಾಣ?"

"ಮೀನಿಗೆ ಬಿಟ್ಟದ್ದು. ಬಟನ್ ಒತ್ತಲಿಕ್ಕೆ ಮರೆತೆ. ಪಟ್ ಅಂತ ದಾರ ತುಂಡಾಯ್ತು. ಬಾಣ ಹೊಳೆಗೆ."

ನಾನು ಎದ್ದು ಕೂತೆ. ಅವನು ಆ ವರ್ಷ ಬಿಲ್ಲಿನಲ್ಲಿ ಮೀನು ಹೊಡೆಯುವ ಹುಚ್ಚಿಗೆ ಬಿದ್ದದ್ದು ಗೊತ್ತಿತ್ತು. ಫೋಟೋ ಕಳಿಸುತ್ತಿದ್ದ. ಬಿಲ್ಲಿಗೆ ದಾರ ಸುತ್ತುವ ಒಂದು ರೀಲು, ರೀಲಿನಿಂದ ಬಾಣಕ್ಕೆ ದಾರ. ಬಾಣ ಬಿಡುವ ಮೊದಲು ರೀಲಿನ ಬಟನ್ ಒತ್ತದಿದ್ದರೆ ದಾರ ಹೊರಗೆ ಹೋಗುವುದಿಲ್ಲ. ಬಾಣ ಮೀನಿಗೆ ನಾಟಿದರೆ ದಾರ ಎಳೆದು ಮೀನನ್ನು ತರುವುದು.

"ದಾರ ತುಂಡಾಗದೇ ಇದ್ದಿದ್ದರೆ?" ಅಂತ ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಜೊತೆಗಿದ್ದವರೂ ಅದನ್ನೇ ಕೇಳಿದ್ರು," ಅಂದ. ಗಂಟಿನ ಹತ್ತಿರ ದಾರ ಸವೆದಿತ್ತಂತೆ. ಹಾಗಾಗಿ ಬಾಣ ಮುಂದೆ ಹೋಯಿತು. ದಾರ ಗಟ್ಟಿ ಇದ್ದಿದ್ದರೆ ಬಾಣ ಅರ್ಧ ದಾರಿಯಲ್ಲಿ ಜಗ್ಗಿ ನಿಂತು, ಬಿಟ್ಟವನ ಮುಖಕ್ಕೇ ವಾಪಸ್ ಬರಬಹುದಿತ್ತು. ಹಾಗೆ ಬಂದ ಬಾಣದಿಂದ ಗಾಯ ಮಾಡಿಕೊಂಡವರು ಇದ್ದಾರೆ. ಸವೆದ ದಾರ ಒಬ್ಬನನ್ನು ಕಾಪಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಈಗ ಹೇಳು," ಅಂದ. "ಯಾವ ರೀಲು ತೆಗೊಳ್ಳಲಿ?"

ನನ್ನನ್ನೇ ಕೇಳಿದ್ದಕ್ಕೆ ಕಾರಣ ಉಂಟು. ನಮ್ಮ ಕುಟುಂಬದಲ್ಲಿ ರೀಲು ಅಂದರೆ ನಾನು. ರಜೆ ಸಿಕ್ಕಿದ ದಿನ ಮಲ್ಪೆ ಬಂದರಿನ ತಡೆಗೋಡೆಯ ಕಲ್ಲಿನ ಮೇಲೆ ರಾಡ್ ಹಿಡಿದು ಕೂರುತ್ತೇನೆ. ಹಿಡಿದ ಮೀನಿಗಿಂತ ಬಿಚ್ಚಿ ಜೋಡಿಸಿದ ರೀಲು ಜಾಸ್ತಿ. ಉಪ್ಪುಗಾಳಿ ರೀಲನ್ನು ಬಿಡುವುದಿಲ್ಲ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯದಿದ್ದರೆ, ಮುಂದಿನ ಸಲ ಹಿಡಿ ತಿರುಗಿಸುವಾಗ ಒಳಗೆ ಯಾರೋ ಕಾಫಿ ಬೀಜ ಹುಡಿ ಮಾಡುತ್ತಿರುವ ಸದ್ದು. ಹೀಗಾಗಿ ಪರಿಚಯದವರೆಲ್ಲ ತಮ್ಮ ರೀಲು ತಂದು ನಮ್ಮ ಜಗಲಿಯಲ್ಲಿ ಇಟ್ಟು ಹೋಗುತ್ತಾರೆ.

ಇನ್ನೊಂದು ಕಾರಣವೂ ಉಂಟು. ಅದನ್ನು ಭಾವ ಹೇಳಲಿಲ್ಲ, ಆದರೆ ಅವನಿಗೆ ನೆನಪಿರಲೇಬೇಕು. ನಾನು ದೊಡ್ಡ ಮರೆಗುಳಿ. ಒಂದು ಸಂಜೆ ತಡೆಗೋಡೆಯಲ್ಲಿ ಪಕ್ಕದವರ ಹತ್ತಿರ ಮಾತಾಡುತ್ತಾ, ರೀಲಿನ ಬೇಲ್ ತಂತಿ ತೆರೆಯದೆ ರಾಡ್ ಬೀಸಿದ್ದೆ. ದಾರ ಹೊರಗೆ ಹೋಗಲು ದಾರಿಯೇ ಇಲ್ಲ. ರಾಡಿನ ತುದಿ ಮುರಿಯಿತು. ದಾರದ ತುದಿಗೆ ಭಾರಕ್ಕೆ ಕಟ್ಟಿದ ಸೀಸ, ದಾರ ಹರಿದುಕೊಂಡು ಸೇಂಟ್ ಮೇರೀಸ್ ದ್ವೀಪದ ದಿಕ್ಕಿಗೆ ಹೋಯಿತು. ಭಾವ ಅವತ್ತು ರಜೆಯಲ್ಲಿ ಬಂದಿದ್ದ, ಪಕ್ಕದಲ್ಲೇ ಇದ್ದ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಈಗ ಅವನ ಸರದಿ.

ಮುಂದಿನ ಕೆಲವು ವಾರ ನಮ್ಮಿಬ್ಬರ ಮಾತೆಲ್ಲ ಇದೇ. ನಾನು ಬಿಲ್ಲು ಹಿಡಿದವನಲ್ಲ. ಆದರೆ ರೀಲು ಅಂದರೆ ರೀಲು, ಅದರಲ್ಲಿ ಎಂತ ವ್ಯತ್ಯಾಸ ಅಂದುಕೊಂಡಿದ್ದೆ. ನೋಡುತ್ತಾ ಹೋದ ಹಾಗೆ ಗೊತ್ತಾಯಿತು, ನನಗೆ ಗೊತ್ತಿದ್ದದ್ದೆಲ್ಲ ಇಲ್ಲಿ ತಿರುಗಾಮುರುಗಾ.

ಗಾಳದ ರೀಲಿಗೆ ನಿಜವಾದ ಕೆಲಸ ಶುರುವಾಗುವುದು ಮೀನು ಕಚ್ಚಿದ ಮೇಲೆ. ಮೀನು ಎಳೆದಾಗ ದಾರ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು, ಸುಸ್ತಾದಾಗ ಸುತ್ತಿಕೊಳ್ಳಬೇಕು. ಅದಕ್ಕೇ ರೀಲಿನಲ್ಲಿ ಡ್ರ್ಯಾಗ್ ಎಂಬ ಬ್ರೇಕು. ರಾಡ್ ಬಾಗಿ ಮೀನಿನ ಜಗ್ಗಾಟವನ್ನು ತಡೆದುಕೊಳ್ಳುತ್ತದೆ. ಬಿಲ್ಲು ಹಾಗಲ್ಲ. ಅದು ರಾಡಿನ ಹಾಗೆ ಬಳುಕಿ ಮೀನು ಆಡಿಸುವ ಸಾಮಾನು ಅಲ್ಲ. ಬಾಣ ನಾಟಿದ ಮೇಲೆ ಹೆಚ್ಚಿನವರು ದಾರವನ್ನು ಕೈಯಲ್ಲೇ ಹಿಡಿದು ಎಳೆಯುತ್ತಾರೆ. ರೀಲಿಗೆ ಆಗ ದಾರ ಒಟ್ಟುಮಾಡುವ ಕೆಲಸ ಮಾತ್ರ. ಅದರ ಪರೀಕ್ಷೆ ಅದಕ್ಕೂ ಮೊದಲೇ ಮುಗಿದಿರುತ್ತದೆ.

ಬಾಣ ಸೆಕೆಂಡಿಗೆ 30 ಮೀಟರಿಗೂ ಜಾಸ್ತಿ ವೇಗದಲ್ಲಿ ಹೊರಡುತ್ತದೆ. ಮೀನು ಇರುವುದು ನಾಲ್ಕೈದು ಮೀಟರ್ ದೂರದಲ್ಲಿ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು. ಅಷ್ಟರೊಳಗೆ ದಾರ ಬಾಣದ ಹಿಂದೆ ಹೋಗಬೇಕು, ಎಲ್ಲೂ ಸಿಕ್ಕಿಕೊಳ್ಳಬಾರದು, ಜಗ್ಗಬಾರದು. ಗೇರು ಎಷ್ಟು, ಬೇರಿಂಗು ಎಷ್ಟು ಅಂತ ಡಬ್ಬದ ಮೇಲೆ ಬರೆದ ಜಂಬವೆಲ್ಲ ಆ ಹೊತ್ತಿನಲ್ಲಿ ಸುಮ್ನೆ. ದಾರ ಬಿಡುವುದೇ ಈ ರೀಲಿನ ಕೆಲಸ, ಹಿಡಿಯುವುದಲ್ಲ.

ದಾರ ಬಿಡುವ ವಿಷಯಕ್ಕೆ ಬಂದರೆ ನನಗೆ ನೆನಪಾಗುವುದು ಕಟಪಾಡಿ ಪೇಟೆಯ ಹಳೇ ಜಿನಸಿ ಅಂಗಡಿ. ನಾವು ಸಣ್ಣವರಿರುವಾಗ ಅಲ್ಲಿ ಎಲ್ಲವನ್ನೂ ಪೇಪರಿನಲ್ಲಿ ಕಟ್ಟಿ ಕೊಡುತ್ತಿದ್ದರು. ಮಾಡಿನ ಜಂತಿಯಿಂದ ನೂಲಿನ ಉಂಡೆ ನೇತಾಡುತ್ತಿತ್ತು. ಅಂಗಡಿಯವರು ತಲೆ ಎತ್ತದೆ ಕೈ ಮೇಲೆ ಮಾಡಿ ನೂಲು ಎಳೆಯುತ್ತಿದ್ದರು, ಬೆಲ್ಲದ ಪೊಟ್ಟಣಕ್ಕೆ ಎರಡು ಸುತ್ತು, ಬೆರಳಿಗೆ ಸುತ್ತಿ ಒಂದು ಜಗ್ಗು, ಕಟ್. ಉಂಡೆ ಮಾತ್ರ ತಿರುಗುತ್ತಿರಲಿಲ್ಲ. ನೂಲು ಅದರ ತುದಿಯಿಂದ ಸುರುಳಿ ಸುರುಳಿಯಾಗಿ ಕಳಚಿ ಬರುತ್ತಿತ್ತು.

ಇದನ್ನು ಬರೆಯಲು ಕಾರಣ ಉಂಟು. ಟೆಕ್ಸಾಸಿನ ಆರ್. ಡಿ. ಹಲ್ ಎಂಬ ವಾಚ್ ರಿಪೇರಿಯವನೂ ಇಂಥದ್ದೇ ಒಂದು ದಿನಸಿ ಅಂಗಡಿಯಲ್ಲಿ, ಕಟ್ಟು ಕಟ್ಟಲು ನೂಲು ಎಳೆಯುವುದನ್ನು ನೋಡಿದನಂತೆ. ಅವನಿಗೆ ಗಾಳ ಹಾಕುವ ಹುಚ್ಚು. ಆ ಕಾಲದ ಹೆಚ್ಚಿನ ರೀಲುಗಳಲ್ಲಿ ದಾರದ ಉರುಳೆಯೇ ಗರಗರ ತಿರುಗಬೇಕಿತ್ತು. ಸೀಸ ನೀರಿಗೆ ಬಿದ್ದು ನಿಂತರೂ ಉರುಳೆ ತಿರುಗುತ್ತಲೇ ಇರುತ್ತದೆ, ದಾರ ಹಕ್ಕಿಗೂಡಿನಂತೆ ಸಿಕ್ಕು. ಉರುಳೆ ತಿರುಗದೆ ದಾರ ಮಾತ್ರ ಕಳಚಿದರೆ? 1947ರಲ್ಲಿ ಅವನು ಈ ಯೋಚನೆ ಹಿಡಿದುಕೊಂಡು ಒಕ್ಲಹೋಮಾದ ಟಲ್ಸಾದಲ್ಲಿದ್ದ ಒಂದು ಕಂಪನಿಗೆ ಹೋದ. ಅದು ಎಣ್ಣೆ ಬಾವಿಗಳಿಗೆ ಹೊತ್ತು ನೋಡಿ ಸಿಡಿಯುವ ಬಾಂಬ್ ಮಾಡುತ್ತಿದ್ದ ಕಂಪನಿ. ಹೆಸರೇ ಝೀರೋ ಅವರ್ ಬಾಂಬ್ ಕಂಪನಿ. 1949ರಲ್ಲಿ ಮೊದಲ ರೀಲು ಬಂತು. ಆ ಉದ್ದ ಹೆಸರನ್ನು ಮುರಿದು ಮಾಡಿದ ಗಿಡ್ಡ ಹೆಸರೇ ಝೆಬ್ಕೋ. ರೀಲಿನ ಡಬ್ಬದ ಮೇಲೆ ಬಾಂಬ್ ಅಂತ ಬರೆದರೆ ಯಾರು ಮನೆಗೆ ತಂದಾರು!

ತಿರುಗದ ಉರುಳೆ ಹಲ್‌ನ ಸ್ವಂತದ್ದೇನಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಬಟ್ಟೆ ಗಿರಣಿಯ ಇಲ್ಲಿಂಗ್‌ವರ್ತ್ ಎಂಬವನು 1905ರಲ್ಲೇ ಅಂಥ ರೀಲಿಗೆ ಪೇಟೆಂಟ್ ಪಡೆದಿದ್ದ. ನನ್ನ ಮಲ್ಪೆ ರೀಲು ಅದರ ಮರಿಮಗ. ಹಲ್ ಮಾಡಿದ್ದು, ಉರುಳೆಗೆ ಮೂಗಿನಂಥ ಮುಚ್ಚಳ ಹಾಕಿ, ಹೆಬ್ಬೆರಳಿಗೆ ಒಂದು ಬಟನ್ ಕೊಟ್ಟದ್ದು. ಅದೇ ಬಟನ್ ಭಾವನ ಬಾಣ ನುಂಗಿದ್ದು.

ಬಿಲ್ಲಿಗೆ ಕಟ್ಟುವ ರೀಲು ಮುಖ್ಯವಾಗಿ ಮೂರು ತರ.

ಮೊದಲನೆಯದರಲ್ಲಿ ಯಂತ್ರವೇ ಇಲ್ಲ. ಬಿಲ್ಲಿನ ಮುಂದೆ ಒಂದು ಡೋಲಿನಂಥ ಉರುಳೆ, ಅದಕ್ಕೆ ಕೈಯಲ್ಲೇ ದಾರ ಸುತ್ತುವುದು. ಫೋಟೋ ನೋಡಿದ ಕೂಡಲೇ ನಾನು ನಕ್ಕುಬಿಟ್ಟೆ. ಇದು ನಮ್ಮ ಅಜ್ಜನ ಬಾಟಲಿ! ಅಜ್ಜ ಕಾಪು ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆ ನಿಂತು ಕೈಗಾಳ ಹಾಕುತ್ತಿದ್ದರು. ರಾಡ್ ಇಲ್ಲ, ರೀಲು ಇಲ್ಲ. ಖಾಲಿ ಬಾಟಲಿಗೆ ನೈಲಾನ್ ದಾರ ಸುತ್ತಿ, ಎಡಗೈಯಲ್ಲಿ ಬಾಟಲಿಯ ಬಾಯಿ ಸಮುದ್ರದ ಕಡೆ ಮಾಡಿ ಹಿಡಿದು, ಬಲಗೈಯಲ್ಲಿ ಸೀಸ ಬೀಸಿ ಬಿಡುತ್ತಿದ್ದರು. ದಾರ ಬಾಟಲಿಯ ಕುತ್ತಿಗೆಯ ಮೇಲಿಂದ ಸರ್ರನೆ ಕಳಚುತ್ತಿತ್ತು. ಬಾಟಲಿ ತಿರುಗುತ್ತಿರಲಿಲ್ಲ. ಜಿನಸಿ ಅಂಗಡಿಯ ನೂಲಿನ ಉಂಡೆಯೂ ಅದೇ, ಬ್ರಾಡ್‌ಫರ್ಡಿನ ಗಿರಣಿಯೂ ಅದೇ, ಅಜ್ಜನ ಬಾಟಲಿಯೂ ಅದೇ. ಅಜ್ಜ ಪೇಟೆಂಟ್ ಮಾಡಿಸಲಿಲ್ಲ, ಅಷ್ಟೇ.

ಈ ಡೋಲಿನ ರೀಲು ಅಗ್ಗ. ಕೆಡಲಿಕ್ಕೆ ಎಂತದೂ ಇಲ್ಲ. ಒತ್ತುವ ಬಟನ್ ಇಲ್ಲ, ಹಾಗಾಗಿ ಮರೆಯುವ ಬಟನ್ ಕೂಡ ಇಲ್ಲ. ಕಷ್ಟ ಇರುವುದು ವಾಪಸ್ ಸುತ್ತುವುದರಲ್ಲಿ. ಪ್ರತಿ ಬಾಣದ ನಂತರವೂ ಒದ್ದೆ ದಾರವನ್ನು ಕೈಯಲ್ಲಿ ಒಂದೊಂದೇ ಸುತ್ತು ಸುತ್ತಬೇಕು. ಸುತ್ತಿದ್ದು ಸಡಿಲ ಆದರೆ ಮುಂದಿನ ಸಲ ಸಿಕ್ಕು. ಬಿಲ್ಲಿನಲ್ಲಿ ಮೀನು ಹೊಡೆಯುವವರು ತಪ್ಪುವುದೇ ಜಾಸ್ತಿ. ಒಂದು ಸಂಜೆಗೆ ನಲವತ್ತು ಬಾಣ ಬಿಟ್ಟರೆ ನಲವತ್ತು ಸಲ ಸುತ್ತು. ಅಜ್ಜನಿಗೆ ಅಷ್ಟು ತಾಳ್ಮೆ ಇತ್ತು. ಭಾವನಿಗೆ ಟ್ರಾಫಿಕ್ ಸಿಗ್ನಲ್ ಹಸಿರಾಗುವವರೆಗೂ ತಾಳ್ಮೆ ಇಲ್ಲ.

ಎರಡನೆಯದು ಬಟನ್ ರೀಲು. ಇದರ ಗುಣ ವಾಪಸ್ ಬರುವುದರಲ್ಲಿ. ಹಿಡಿ ತಿರುಗಿಸಿದರೆ ಸರಸರ ಸುತ್ತುತ್ತದೆ. ಮೀನು ಹಿಂಡಿನಲ್ಲಿ ಬರುವಾಗ, ತಪ್ಪಿದ ಕೂಡಲೇ ಇನ್ನೊಂದು ಬಾಣ ಬಿಡಬೇಕೆನ್ನುವವರಿಗೆ ಇದೇ ಇಷ್ಟ. ಭಾವನ ಜೊತೆಯವರಲ್ಲಿ ಹೆಚ್ಚಿನವರ ಹತ್ತಿರ ಇರುವುದೂ ಇದೇ. ಆದರೆ ಇದರಲ್ಲಿ ಒಂದು ಬೀಗ ಉಂಟು. ಹಿಡಿ ಒಮ್ಮೆ ತಿರುಗಿಸಿದರೆ ಒಳಗೆ ಒಂದು ಸಣ್ಣ ಕಡ್ಡಿ ಹೊರಬಂದು ದಾರವನ್ನು ಹಿಡಿದುಕೊಳ್ಳುತ್ತದೆ. ಮತ್ತೆ ಬಟನ್ ಒತ್ತಿ ಬಿಡುವವರೆಗೂ ದಾರ ಹೊರಗೆ ಹೋಗುವುದಿಲ್ಲ. ಅಂದರೆ ಪ್ರತಿ ಸಲ ದಾರ ಸುತ್ತಿದ ಮೇಲೆ ನೀವೇ ನಿಮಗೆ ಒಂದು ಅಪಾಯ ಕಟ್ಟಿಟ್ಟುಕೊಂಡ ಹಾಗೆ. ನೆನಪಿಟ್ಟು ಬಿಚ್ಚಬೇಕು.

ತಿಳಿದವರು ಒಂದು ಕ್ರಮ ಮಾಡಿಕೊಂಡಿರುತ್ತಾರೆ. ಬಟನ್ ಒತ್ತು, ದಾರವನ್ನು ಬೆರಳಲ್ಲಿ ಒಂದು ಗೇಣು ಎಳೆದು ನೋಡು, ಬಂತಾ, ಆಮೇಲೆ ಬಿಲ್ಲು ಎಳೆ. ಭಾವನಿಗೂ ಈ ಕ್ರಮ ಗೊತ್ತಿತ್ತು. ಆದರೆ ಕ್ರಮ ಇರುವುದು ನಿಧಾನ ಇರುವಾಗ. ಮೀನು ಕಾಣುವುದು ಒಂದು ಕ್ಷಣ, ಕಂಡ ಕೂಡಲೇ ಕೈ ತಾನಾಗಿ ಏಳುತ್ತದೆ. ಆಗ ತಲೆ ಎಲ್ಲಿರುತ್ತದೆ?

ಮೂರನೆಯದು ಬಾಟಲಿ ರೀಲು. ಇದನ್ನು ನೋಡಿ ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ಒಂದು ಪ್ಲಾಸ್ಟಿಕ್ ಬಾಟಲಿ, ಅದರೊಳಗೆ ದಾರ ಸುಮ್ನೆ ತುರುಕಿರುವುದು. ಸುತ್ತಿದ್ದಲ್ಲ, ತುರುಕಿದ್ದು. ಎಎಂಎಸ್ ಎಂಬ ಕಂಪನಿಯ ರಿಟ್ರೀವರ್ ಇದರಲ್ಲಿ ಹೆಸರಾದದ್ದು. ಬಾಣ ಹೋದಾಗ ದಾರ ಬಾಟಲಿಯಿಂದ ತಾನಾಗಿ ಎದ್ದು ಹೋಗುತ್ತದೆ. ಅದಕ್ಕೆ ತಡೆಯೇ ಇಲ್ಲ. ವಾಪಸ್ ತರಬೇಕಾದಾಗ ಒಂದು ಟ್ರಿಗರ್ ಒತ್ತಿ ಹಿಡಿಯಬೇಕು. ಆಗ ಎರಡು ಗಾಲಿಗಳು ದಾರವನ್ನು ಅವುಕಿ ಹಿಡಿಯುತ್ತವೆ, ಹಿಡಿ ತಿರುಗಿಸಿದರೆ ದಾರ ಬಾಟಲಿಯೊಳಗೆ ಬೀಳುತ್ತದೆ. ಕೊನೆಗೆ ಬಿದ್ದದ್ದು ಮೇಲೆ ಇರುತ್ತದೆ, ಮೊದಲು ಹೊರಡುವುದೂ ಅದೇ. ಕೈ ಹಾಕಿ ಕೆದಕದಿದ್ದರೆ ಸಿಕ್ಕಾಗುವುದು ಕಡಿಮೆ.

ಇದರ ತಪ್ಪು ಅಂದರೆ ನಿಧಾನ. ಬಟನ್ ರೀಲಿನ ವೇಗ ಇದಕ್ಕಿಲ್ಲ. ಹಾಗಾದರೆ ಆಗಲಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಹೋಗುವಾಗ ಮೂರರಲ್ಲೂ ದಾರ ಒಂದೇ ತರ ಸಲೀಸು. ಬೇರೆಯಾಗುವುದು ಬರುವಾಗ. ಒಂದರಲ್ಲಿ ಕೈನೋವು, ಒಂದರಲ್ಲಿ ಬೀಗ, ಒಂದರಲ್ಲಿ ತಡ. ಕೈನೋವಿಗೆ ಮದ್ದು ಉಂಟು, ತಡವಾದರೆ ಒಂದು ಮೀನು ಕಡಿಮೆ. ಬೀಗ ಮರೆತರೆ ಏನಾಗುತ್ತದೆ ಅಂತ ಆ ಶನಿವಾರ ನೋಡಿ ಆಗಿತ್ತು.

ಅದಕ್ಕೇ ಭಾವನಿಗೆ ಹೇಳಿದೆ. "ನೀನು ಹುಷಾರಿರುವಾಗ ಯಾವ ರೀಲು ಒಳ್ಳೆಯದು ಅಂತ ನೋಡಬೇಡ. ಮರೆತಾಗ ಯಾವುದು ಒಳ್ಳೆಯದು ನೋಡು. ಬಾಟಲಿ ತೆಗೊ."

"ಎಲ್ಲರ ಹತ್ರ ಬಟನ್ ಉಂಟು. ನಾನು ಮಾತ್ರ ಬಾಟಲಿ ಕಟ್ಟಿಕೊಂಡು ಹೋಗ್ಲಾ?"

"ಅಜ್ಜ ಹೋಗಲಿಲ್ವಾ?"

ಅಲ್ಲಿಗೆ ಒಪ್ಪಿದ. ಆರ್ಡರ್ ಮಾಡುವಾಗ ಇನ್ನೊಂದು ಎಡವಟ್ಟು ಆಗುವುದರಲ್ಲಿತ್ತು. ಭಾವ ಎಡಚ. ಹೆದೆ ಎಳೆಯುವುದು ಎಡಗೈಯಲ್ಲಿ, ಬಿಲ್ಲು ಹಿಡಿಯುವುದು ಬಲಗೈಯಲ್ಲಿ. ಬಾಟಲಿ ರೀಲು ಬಿಲ್ಲಿನ ಬದಿಗೆ ಕೂರುವುದರಿಂದ ಎಡಚರಿಗೆ ಬೇರೆ, ಉಳಿದವರಿಗೆ ಬೇರೆ ಬರುತ್ತದೆ. ಅವನು ಮರೆತು ಉಳಿದವರದ್ದನ್ನೇ ಆರಿಸಿದ್ದ. ಬಿಲ್ಲಿನ ಬದಿಯಲ್ಲಿ ಸ್ಕ್ರೂ ಹಾಕುವ ತೂತು ಉಂಟಾ ಅಂತಲೂ ನೋಡಲು ಹೇಳಿದೆ. ಬಟನ್ ರೀಲು ಕೂರುವುದು ಬಿಲ್ಲಿನ ಎದುರಿನ ತೂತಿಗೆ. ಆ ತೂತು ಹೆಚ್ಚಿನ ಬಿಲ್ಲಿನಲ್ಲಿ ಇರುತ್ತದೆ, ಬದಿಯದ್ದು ಎಲ್ಲದರಲ್ಲೂ ಇರುವುದಿಲ್ಲ.

ದಾರದ ವಿಷಯದಲ್ಲಿ ನಾನು ಜಿಪುಣತನ ಬೇಡ ಅಂದೆ. ಈ ಕೆಲಸಕ್ಕೆ ಹೆಣೆದ ದಾರ ಬೇಕು, 200 ಪೌಂಡ್ ಅಂದರೆ ಸುಮಾರು 90 ಕಿಲೋ ತಡೆಯುವಂಥದ್ದು. ಅಷ್ಟು ದೊಡ್ಡ ಮೀನು ಸಿಗುತ್ತದೆ ಅಂತಲ್ಲ. ಕೈಯಲ್ಲಿ ಎಳೆಯುವಾಗ ಸಪೂರ ದಾರ ಬೆರಳು ಕೊಯ್ಯುತ್ತದೆ. ಬಾಣ ಕೆಸರಿಗೆ ಹುಗಿದರೆ ಅಥವಾ ನೀರೊಳಗಿನ ಮರದ ಬೊಡ್ಡೆಗೆ ನಾಟಿದರೆ ಎಳೆದು ತೆಗೆಯಲು ಬಲ ಬೇಕು. ಗಾಳದ ನೈಲಾನ್ ದಾರ ಇಲ್ಲಿ ಬೇಡವೇ ಬೇಡ. ಅದು ರಬ್ಬರಿನ ಹಾಗೆ ಹಿಗ್ಗುತ್ತದೆ. ಹಿಗ್ಗಿದ್ದು ಕುಗ್ಗುವಾಗ ಬಾಣ ಯಾರ ಕಡೆ ಬರುತ್ತದೆ ಯೋಚಿಸಿ.

ರೀಲಿನಷ್ಟೇ, ಬಹುಶಃ ರೀಲಿಗಿಂತ ಮುಖ್ಯವಾದದ್ದು ಒಂದು ಸಣ್ಣ ಬಳೆಯಂಥ ತುಂಡು. ಹಿಂದೆ ದಾರವನ್ನು ಬಾಣದ ಹಿಂತುದಿಗೆ ಕಟ್ಟುತ್ತಿದ್ದರು. ಆಗ ದಾರ ಹೆದೆಯ ಪಕ್ಕದಲ್ಲೇ ಇಳಿಬಿದ್ದಿರುತ್ತದೆ. ಹೆದೆಗೋ ಬೆರಳಿಗೋ ಸುತ್ತಿಕೊಂಡರೆ ಮುಗಿಯಿತು. ಈಗ ಬಾಣದ ಮೇಲೆ ಹಿಂದೆಮುಂದೆ ಜಾರುವ ಬಳೆ ಇರುತ್ತದೆ, ದಾರ ಕಟ್ಟುವುದು ಅದಕ್ಕೆ. ಬಿಲ್ಲು ಎಳೆದಾಗ ಬಳೆ ಮುಂದೆಯೇ ಉಳಿಯುತ್ತದೆ, ದಾರ ಹೆದೆಯ ಹತ್ತಿರ ಬರುವುದೇ ಇಲ್ಲ. ಬಾಣ ಹೊರಟ ಮೇಲೆ ಬಳೆ ಹಿಂದಕ್ಕೆ ಜಾರಿ ತುದಿಯಲ್ಲಿ ನಿಲ್ಲುತ್ತದೆ. ಎಷ್ಟು ಸಣ್ಣ ಸಾಮಾನು! ಇದನ್ನು ಯೋಚಿಸಿದವರಿಗೆ ಮನುಷ್ಯ ಮರೆಯುತ್ತಾನೆ ಅಂತ ಚೆನ್ನಾಗಿ ಗೊತ್ತಿತ್ತು.

ಮೇ ತಿಂಗಳಲ್ಲಿ ಭಾವ ರಜೆಗೆ ಬಂದ. ಮೂರು ತುಂಡಾಗಿ ಬಿಚ್ಚುವ ಬಿಲ್ಲು, ಎರಡು ಬಾಣ, ಬಾಟಲಿ ರೀಲು, ಜೊತೆಗೆ ಆ ಬಟನ್ ರೀಲೂ ಬ್ಯಾಗಿನಲ್ಲಿತ್ತು. "ಇದು ನಿನಗೆ ಇರಲಿ," ಅಂತ ಬಟನ್ ರೀಲು ನನಗೆ ಕೊಟ್ಟ. ಬಾಣ ಹಿಡಿದು ನೋಡಿದೆ. ಭಾರ. ಗರಿ ಇಲ್ಲ. ಗಟ್ಟಿ ಫೈಬರಿನ ಕೋಲು, ತುದಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳು. ಹಗುರ ಬಾಣ ನೀರಿಗೆ ತಾಗಿದ ಕೂಡಲೇ ಬಲ ಕಳೆದುಕೊಳ್ಳುತ್ತದೆ, ಅದಕ್ಕೆ ಈ ತೂಕ.

ಅತ್ತೆ ಬಾಟಲಿಯೊಳಗಿನ ದಾರ ನೋಡಿ, "ಇದೆಂತ ಮಾರಾಯ, ಬಾಚದ ತಲೆಯ ಹಾಗೆ ಉಂಟು," ಅಂದರು. ಮಾವ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಾ ಕೂತಿದ್ದರು. ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಅಪ್ಪನ ಬಾಟಲಿ," ಅಂದರು. ಅಷ್ಟೇ.

ನಾವಿಬ್ಬರು ಮೊದಲು ಒಂದು ಪರೀಕ್ಷೆ ಮಾಡಿದೆವು. ಬಟನ್ ರೀಲು ಬಿಲ್ಲಿಗೆ ಕಟ್ಟಿ, ಅಂಗಳದಲ್ಲಿ ನಿಂತು ಊರಿನ ಸುದ್ದಿ ಮಾತಾಡುವುದು. ನಡುವೆ ಒಬ್ಬ ಇದ್ದಕ್ಕಿದ್ದಂತೆ "ಮೀನು!" ಅಂತ ಕೂಗಬೇಕು. ಇನ್ನೊಬ್ಬ ಬಿಲ್ಲು ಎತ್ತಿ ಅರ್ಧ ಎಳೆಯಬೇಕು. ಬಾಣ ಹೂಡುವುದಿಲ್ಲ, ಹೆದೆ ಬಿಡುವುದಿಲ್ಲ, ನಿಧಾನ ಇಳಿಸುವುದು. ಬಟನ್ ಒತ್ತಿದನಾ ಇಲ್ಲವಾ, ಅಷ್ಟೇ ಲೆಕ್ಕ. ಹತ್ತರಲ್ಲಿ ಭಾವ ಮೂರು ಸಲ ಮರೆತ. ನಾನು ನಾಲ್ಕು ಸಲ. ಅದೂ ಪರೀಕ್ಷೆ ಅಂತ ಗೊತ್ತಿದ್ದು! ಪಕ್ಕದ ಮನೆಯ ನಾಯಿ ಮಾತ್ರ ಹತ್ತೂ ಸಲ ಮೀನು ಹುಡುಕಿಕೊಂಡು ಓಡಿ ಬಂತು.

ಆಮೇಲೆ ಬಾಟಲಿ ರೀಲು ಕಟ್ಟಿ ಮನೆಯ ಹಿಂದಿನ ಕೆರೆಗೆ ಹೋದೆವು. ಹಳೆಯ ಸ್ಟೀಲ್ ತಟ್ಟೆಗೆ ತೂತು ಮಾಡಿ, ಕಲ್ಲು ಕಟ್ಟಿ, ಎರಡು ಅಡಿ ಆಳದಲ್ಲಿ ನಿಲ್ಲಿಸಿದೆವು. ಎದುರು ದಡದಲ್ಲಿ ಯಾರೂ ಇಲ್ಲ ಅಂತ ಎರಡೆರಡು ಸಲ ನೋಡಿದೆವು. ಭಾವ ಬಾಣ ಬಿಟ್ಟ. ದಾರ ಬಾಟಲಿಯಿಂದ ಸದ್ದಿಲ್ಲದೆ ಎದ್ದು ಹೋಯಿತು, ಹಾವು ಬಿಲದಿಂದ ಹೊರಟ ಹಾಗೆ. ಎಷ್ಟು ಚಂದ! ಬಾಣ ಮಾತ್ರ ತಟ್ಟೆಯ ಮೇಲಿಂದ ಹೋಗಿ ಕೆಸರಿಗೆ ಹುಗಿಯಿತು. ನಾನು ಬಿಟ್ಟೆ. ನನ್ನದೂ ಮೇಲಿಂದಲೇ. ಆರೇಳು ಬಾಣ ಹೀಗೇ ಹೋದವು.

ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೆವು. ನೇರ ಮೇಲಿನಿಂದ ನೋಡಿದರೆ ನಾಲ್ಕು ಅಡಿ ಆಳದಲ್ಲಿರುವುದು ಮೂರೇ ಅಡಿ ಆಳದಲ್ಲಿ ಇದ್ದ ಹಾಗೆ ಕಾಣುತ್ತದೆ. ದಡದಿಂದ ಓರೆಯಾಗಿ ನೋಡಿದರೆ ಮೋಸ ಇನ್ನೂ ಜಾಸ್ತಿ. ಅಮೆರಿಕದವರು ಇದಕ್ಕೊಂದು ಅಂದಾಜು ಇಟ್ಟುಕೊಂಡಿದ್ದಾರೆ. ಮೀನು ಹತ್ತು ಅಡಿ ದೂರದಲ್ಲಿ ಒಂದು ಅಡಿ ಆಳದಲ್ಲಿದ್ದರೆ ಕಂಡದ್ದಕ್ಕಿಂತ ನಾಲ್ಕು ಇಂಚು ಕೆಳಗೆ ಗುರಿ ಇಡಬೇಕು. ದೂರವೋ ಆಳವೋ ಎರಡು ಪಟ್ಟಾದರೆ ನಾಲ್ಕು ಇಂಚೂ ಎರಡು ಪಟ್ಟು. ಭಾವನಿಗೆ ಇದು ಬಾಯಿಪಾಠ. ಕೈಗೆ ಮಾತ್ರ ಬಂದಿರಲಿಲ್ಲ.

ಅಷ್ಟರಲ್ಲಿ ಮಾವ ಲುಂಗಿ ಎತ್ತಿ ಕಟ್ಟಿಕೊಂಡು ಕೆರೆ ಕಟ್ಟೆಗೆ ಬಂದಿದ್ದರು.

"ಉಬರಿಗೆ ಹೋಗುವಾಗ ಎಂತ ಹೇಳ್ತಿದ್ದೆ ನಾನು?" ಅಂತ ಕೇಳಿದರು.

ಉಬರ್ ಅಂದರೆ ತುಳುವಿನಲ್ಲಿ ಹತ್ತುಮೀನು. ಮಳೆಗಾಲದ ಮೊದಲ ಜೋರು ಮಳೆ ಬಿದ್ದ ರಾತ್ರಿ ಹೊಳೆಯ, ತೋಡಿನ ಮೀನುಗಳು ಮೊಟ್ಟೆ ಇಡಲು ನೀರಿಗೆ ಎದುರಾಗಿ ಗದ್ದೆಗಳಿಗೆ ಹತ್ತಿ ಬರುತ್ತವೆ. ಜನ ಟಾರ್ಚ್ ಹಿಡಿದು, ಕತ್ತಿ ಹಿಡಿದು ಗದ್ದೆಗೆ ಇಳಿಯುತ್ತಾರೆ. ನಾವು ಸಣ್ಣವರಿರುವಾಗ ಮಾವನ ಹಿಂದೆ ಗ್ಯಾಸ್ ಲೈಟ್ ಹೊತ್ತುಕೊಂಡು ಹೋಗುತ್ತಿದ್ದೆವು. ಮುಗುಡು ಸಿಕ್ಕಿದರೆ ಹಬ್ಬ. ತೋಡಿನ ಮೊಣಕಾಲುದ್ದ ನೀರಿನಲ್ಲಿ ನಮ್ಮ ಕತ್ತಿ ಯಾವಾಗಲೂ ಮೀನಿನ ಮೇಲಿಂದ ಹೋಗುತ್ತಿತ್ತು. "ಕಂಡಲ್ಲಿಗೆ ಕಡೀಬೇಡ, ಅದರ ಅಡಿಗೆ ಕಡಿ," ಅನ್ನುತ್ತಿದ್ದರು ಮಾವ. ಅವರಿಗೆ ಇಂಚಿನ ಲೆಕ್ಕ ಇರಲಿಲ್ಲ.

(ಈಗ ನಾನು ಉಬರಿಗೆ ಹೋಗುವುದಿಲ್ಲ. ಮೊಟ್ಟೆ ಹೊತ್ತು ಬಂದ ಮೀನನ್ನು ಕಡಿಯುವುದು ಸರಿಯಲ್ಲ ಅಂತ ಅನಿಸಲು ಶುರುವಾಗಿ ವರ್ಷಗಳಾದವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯದೆ ಮಲ್ಪೆ ಬಂದರಿನಲ್ಲಿ ಸಾಲಾಗಿ ನಿಲ್ಲುತ್ತವೆ. ನಾವು ಮಾತ್ರ ಅದೇ ಹೊತ್ತಿಗೆ ಗದ್ದೆಯಲ್ಲಿ ಕತ್ತಿ ಬೀಸುವುದಾ? ಮಾವನ ಹತ್ತಿರ ಈ ವಿಷಯ ಎತ್ತುವುದಿಲ್ಲ, ಅದು ಬೇರೆ.)

ಮಾವನ ಮಾತಿನ ನಂತರದ ಮೂರನೇ ಬಾಣಕ್ಕೆ ತಟ್ಟೆ ಠಣ್ ಅಂದಿತು.

ಭಾವನಿಗೆ ಆಸೆ ಹತ್ತಿತು. ಉದ್ಯಾವರ ಹೊಳೆಯಲ್ಲಿ ಒಮ್ಮೆ ನೋಡುವ ಅಂದ. ನಾನು ಬೇಡವೇ ಬೇಡ ಅಂದೆ. ನಮ್ಮ ಹೊಳೆ ಸಮುದ್ರದ ಪಕ್ಕದಲ್ಲೇ, ಪಡುಕೆರೆಯ ಉದ್ದಕ್ಕೂ ಹರಿಯುತ್ತದೆ. ಇಳಿತದ ಹೊತ್ತಿಗೆ ಅದರಲ್ಲಿ ಎದೆಮಟ್ಟ ನೀರಿನಲ್ಲಿ ಜನ ಮರುವಾಯಿ ಚಿಪ್ಪು ಹೆಕ್ಕುತ್ತಿರುತ್ತಾರೆ. ಅಲ್ಲೇ ಬೀಸುಬಲೆಯವರು, ಅಲ್ಲೇ ಈಜು ಕಲಿಯುವ ಮಕ್ಕಳು. ಅಲ್ಲಿ ಬಾಣ ಬಿಡುವುದು ಪೇಟೆಯಲ್ಲಿ ಬಾಣ ಬಿಟ್ಟ ಹಾಗೆ. ಇನ್ನೂ ಒಂದು ವಿಷಯ. ಗಾಳಕ್ಕೆ ಕೆಂಬೇರಿ ಮರಿ ಬಂದರೆ ಬಿಡಿಸಿ ನೀರಿಗೆ ಹಾಕಬಹುದು. ಬಾಣ ನಾಟಿದ್ದನ್ನು ಬಿಡುವುದು ಎಲ್ಲಿಗೆ? ಬಿಡುವ ಮೊದಲೇ ಅದು ಯಾವ ಮೀನು ಅಂತ ಗೊತ್ತಿರಬೇಕು.

ಅವನ ಊರಿನ ಕಥೆ ಬೇರೆ. ಅಲ್ಲಿ ಇವರು ಹೊಡೆಯುವುದು ಹೆಚ್ಚಾಗಿ ಬೆಳ್ಳಿ ಗೆಂಡೆ. 1970ರ ದಶಕದಲ್ಲಿ ಕೆರೆ ಸ್ವಚ್ಛ ಮಾಡಲಿ ಅಂತ ಏಷ್ಯಾದಿಂದ ಅರ್ಕನ್ಸಾಕ್ಕೆ ತಂದ ಮೀನು. ಅದು ತಪ್ಪಿಸಿಕೊಂಡು ಮಿಸ್ಸಿಸ್ಸಿಪ್ಪಿ ಸೇರಿ, ಇಲಿನಾಯ್ ನದಿಗೂ ಹತ್ತಿ, ಅಲ್ಲಿಯ ಮೀನುಗಳ ಆಹಾರವನ್ನೆಲ್ಲ ತಿಂದುಹಾಕಿದೆ. ದೋಣಿಯ ಸದ್ದಿಗೆ ಹೆದರಿ ನೀರಿನಿಂದ ಮೇಲೆ ಹಾರುತ್ತದೆ, ದೋಣಿಯವರ ತಲೆಗೇ ಬಡಿಯುತ್ತದೆ. ಎಷ್ಟು ಹಿಡಿದರೂ ಸರಕಾರಕ್ಕೆ ಸಂತೋಷ. ತಿನ್ನುವವರು ಇಲ್ಲ ಅಂತ 2022ರಲ್ಲಿ ಇಲಿನಾಯ್‌ನವರು ಈ ಜಾತಿಯ ಗೆಂಡೆಗಳಿಗೆ ಕೋಪಿ ಅಂತ ಹೊಸ ನಾಮಕರಣ ಮಾಡಿದರು. ಹೆಸರು ಬದಲಿಸಿದರೆ ಮುಳ್ಳು ಕಡಿಮೆ ಆಗುತ್ತದಾ? ಭಾವ ಒಮ್ಮೆ ಅದರ ಪುಳಿಮುಂಚಿ ಮಾಡಿ ನೋಡಿದ್ದನಂತೆ. ಪುಳಿಮುಂಚಿ ಒಳ್ಳೆಯದಿತ್ತು ಅಂದ. ಮೀನಿನ ಬಗ್ಗೆ ಏನೂ ಹೇಳಲಿಲ್ಲ.

ಜೂನ್ ಮೊದಲ ವಾರ, ಮಳೆ ಹಿಡಿಯುವ ಹೊತ್ತಿಗೆ ಅವನು ವಾಪಸ್ ಹೋದ. ಬಟನ್ ರೀಲಿಗೆ ನಾನು ಸಪೂರ ದಾರ ಸುತ್ತಿ ಮಗಳ ರಾಡಿಗೆ ಹಾಕಿಕೊಟ್ಟೆ. ಗಾಳಕ್ಕೆ ಅದು ಬಹಳ ಒಳ್ಳೆಯ ರೀಲು, ಮಕ್ಕಳ ಹೆಬ್ಬೆರಳಿಗೆ ಸರಿಯಾಗಿ ಕೂರುತ್ತದೆ. ಮರೆತರೆ ಸೀಸ ರಾಡಿನ ತುದಿಯಲ್ಲೇ ನೇತಾಡುತ್ತದೆ, ಅವಳು ನಗುತ್ತಾಳೆ, ಮತ್ತೆ ಬೀಸುತ್ತಾಳೆ.

ಮಳೆ ಕಡಿಮೆಯಾದ ಮೇಲೆ ಒಂದು ಆದಿತ್ಯವಾರ ಬೆಳಿಗ್ಗೆ ಮತ್ತೆ ಫೋನ್. ನಾನು ಮಾವನ ಮನೆಯ ಜಗಲಿಯಲ್ಲಿ ಚಾ ಕುಡಿಯುತ್ತಿದ್ದೆ. ಸ್ಪೀಕರಿಗೆ ಹಾಕಿದೆ.

"ಭಾವ, ಬಾಟಲಿ ಫಸ್ಟ್‌ಕ್ಲಾಸ್! ದಾರ ಹೋದದ್ದೇ ಗೊತ್ತಾಗ್ಲಿಲ್ಲ. ಹೆಬ್ಬೆರಳು ಮಾತ್ರ ಈಗಲೂ ಬಟನ್ ಹುಡುಕ್ತದೆ ಮಾರಾಯ."

"ಮೀನು?"

"ದೊಡ್ಡದಿತ್ತು."

"ಮತ್ತೆ?"

"ಬಾಣ ಬೆನ್ನ ಮೇಲಿಂದ ಹೋಯ್ತು."

ಮಾವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಅಡಿಗೆ ಅಂತ ಹೇಳಿದ್ದೆ ಅಲ್ವಾ," ಅಂದರು, ಫೋನಿಗೂ ಅಲ್ಲ, ನನಗೂ ಅಲ್ಲ.